ಬಿ.ಪಿ. ಮಾತ್ರೆ ಮತ್ತು ಕೊರೋನಾ: ಒಂದು ಭಯದ ಚರಿತ್ರೆ

2020ರ ಮಾರ್ಚ್ ತಿಂಗಳ ಕೊನೆಯ ದಿನಗಳನ್ನು ನೀವು ಮರೆತಿರಲಾರಿರಿ. ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಿತ್ತು. ತಪಸ್ಸುಕಾಲವಾದರೂ ಶಿಲುಬೆಹಾದಿಗೆ ಜನರಿರಲಿಲ್ಲ. ಖಾಲಿ ಬೆಂಚುಗಳ ಮುಂದೆ ಗುರುಗಳು ಒಬ್ಬರೇ ಬಲಿಪೂಜೆ ಅರ್ಪಿಸುತ್ತಿದ್ದರು. ಅಂಥ ಒಂದು ಸಂಜೆ ನನ್ನ ಧರ್ಮಕೇಂದ್ರದ ವೃದ್ಧ ತಾಯಿಯೊಬ್ಬರು ದೂರವಾಣಿಯಲ್ಲಿ ಕೇಳಿದರು: "ಫಾದರ್, ಬಿ.ಪಿ. ಮಾತ್ರೆ ತಗೊಳ್ಳೋರಿಗೆ ಕೊರೋನಾ ಬೇಗ ಹಿಡಿಯುತ್ತಂತೆ. ಮಗ ಫೋನಿಗೆ ಕಳಿಸಿದ್ದಾನೆ. ನಾನು ಮಾತ್ರೆ ನಿಲ್ಲಿಸ್ಲಾ?"

ನಾನು ವೈದ್ಯನಲ್ಲ. "ನನಗೆ ಗೊತ್ತಿಲ್ಲಮ್ಮ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ" ಎಂದಷ್ಟೇ ನಾನು ಹೇಳಬೇಕಾಗಿತ್ತು. ಆದರೆ ಅದೇ ಸುದ್ದಿಯನ್ನು ನಾನೂ ಓದಿದ್ದೆ, ನನ್ನೊಳಗೂ ಭಯವಿತ್ತು. "ನಾಲ್ಕು ದಿನ ಬಿಟ್ಟು ನೋಡಿ ಅಮ್ಮ, ಆಮೇಲೆ ಡಾಕ್ಟರನ್ನು ಕೇಳೋಣ" ಎಂದುಬಿಟ್ಟೆ. ಗುರುಗಳ ಮಾತೆಂದು ಆ ತಾಯಿ ನಂಬಿದರು. ನಾಲ್ಕು ದಿನ ಹತ್ತು ದಿನವಾಯಿತು. ಒಂದು ಬೆಳಗ್ಗೆ ತಲೆ ಸುತ್ತಿ ಗೋಡೆ ಹಿಡಿದು ಕುಳಿತವರನ್ನು ಪಕ್ಕದ ಮನೆಯ ದಾದಿಯೊಬ್ಬರು ಪರೀಕ್ಷಿಸಿದಾಗ, ರಕ್ತದೊತ್ತಡ ಬಹಳ ಮೇಲೇರಿತ್ತು. ದೇವರ ದಯೆಯಿಂದ ಅನಾಹುತವಾಗಲಿಲ್ಲ. ಆದರೆ ನನ್ನ ಮನಸ್ಸಾಕ್ಷಿ ಸುಮ್ಮನಿರಲಿಲ್ಲ. ಆ ಸುದ್ದಿ ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು, ಊಹೆಯೆಷ್ಟು ಎಂದು ಹುಡುಕತೊಡಗಿದೆ. ಆ ಹುಡುಕಾಟವು ನನ್ನನ್ನು ಸುಮಾರು ಮುನ್ನೂರು ವರ್ಷಗಳ ಹಿಂದಕ್ಕೆ ಕರೆದೊಯ್ದಿತು. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದು ನನ್ನ ಪಾಲಿಗೆ ಒಂದು ಸಣ್ಣ ಪ್ರಾಯಶ್ಚಿತ್ತವೂ ಹೌದು.

ಗುರುವೊಬ್ಬರ ಗಾಜಿನ ಕೊಳವೆ

ರಕ್ತಕ್ಕೆ ಒತ್ತಡವಿದೆ ಎಂಬುದನ್ನು ಮೊದಲು ಅಳೆದು ತೋರಿಸಿದವರು ವೈದ್ಯರಲ್ಲ, ಕ್ರೈಸ್ತ ಗುರುವೊಬ್ಬರು. ಇಂಗ್ಲೆಂಡಿನ ಟೆಡ್ಡಿಂಗ್ಟನ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಭೆಯ ಸೇವೆಯಲ್ಲಿದ್ದ ಸ್ಟೀಫನ್ ಹೇಲ್ಸ್ ಅವರು ಹೆಣ್ಣು ಕುದುರೆಯೊಂದರ ಅಪಧಮನಿಗೆ ಹಿತ್ತಾಳೆಯ ನಳಿಗೆಯನ್ನು ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿದರು. ರಕ್ತವು ಆ ಕೊಳವೆಯಲ್ಲಿ 8 ಅಡಿ 3 ಅಂಗುಲದಷ್ಟು ಎತ್ತರಕ್ಕೆ ಏರಿ ನಿಂತಿತು. ಈ ಪ್ರಯೋಗವನ್ನು ಅವರು 1733ರಲ್ಲಿ ಪ್ರಕಟಿಸಿದರು. ಸೃಷ್ಟಿಯನ್ನು ಅಳೆದು ತೂಗಿ ಅರಿಯುವುದು ಸೃಷ್ಟಿಕರ್ತನಿಗೆ ಸಲ್ಲಿಸುವ ಗೌರವವೆಂದು ನಂಬಿದ್ದವರು ಅವರು.

ಒತ್ತಡವೇನೋ ಇದೆ, ಆದರೆ ಅದನ್ನು ಏರಿಸುವವರು ಯಾರು, ಇಳಿಸುವವರು ಯಾರು? ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಗಲು ಮತ್ತೂ ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಫಿನ್ಲೆಂಡಿನ ವಿಜ್ಞಾನಿ ರಾಬರ್ಟ್ ಟೀಗರ್‌ಸ್ಟೆಟ್ ಹಾಗೂ ಅವರ ಶಿಷ್ಯ ಪೇರ್ ಬೆರ್ಗ್‌ಮನ್ ಮೊಲದ ಮೂತ್ರಪಿಂಡವನ್ನು ಅರೆದು, ಅದರ ಸಾರವನ್ನು ಇನ್ನೊಂದು ಮೊಲದ ರಕ್ತಕ್ಕೆ ಸೇರಿಸಿದರು. ಕೂಡಲೇ ಅದರ ರಕ್ತದೊತ್ತಡ ಏರಿತು. ಮೂತ್ರಪಿಂಡದಲ್ಲಿ ಅಡಗಿದ್ದ ಈ ವಸ್ತುವಿಗೆ ಅವರು 'ರೆನಿನ್' ಎಂದು ಹೆಸರಿಟ್ಟು 1898ರಲ್ಲಿ ಲೋಕಕ್ಕೆ ತಿಳಿಸಿದರು. ಲೋಕ ಕಿವಿಗೊಡಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಆ ಸತ್ಯ ಮಣ್ಣಿನಡಿಯ ಬೀಜದಂತೆ ಮಲಗಿತ್ತು.

ಮೂತ್ರಪಿಂಡದ ಗುಟ್ಟು

1934ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ವೈದ್ಯರು ನಾಯಿಯ ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳವನ್ನು, ಹರಿವು ಪೂರ್ತಿ ನಿಲ್ಲದಂತೆ ಆದರೆ ಕಡಿಮೆಯಾಗುವಂತೆ, ಬಿಗಿದರು. ನಾಯಿಗೆ ರಕ್ತದೊತ್ತಡ ಏರಿ ಹಾಗೆಯೇ ನಿಂತಿತು. ರಕ್ತ ಸಾಲದೆಂದು ಮೂತ್ರಪಿಂಡ ಭಾವಿಸಿದಾಗ ಅದು ಯಾವುದೋ ಸಂದೇಶವನ್ನು ದೇಹಕ್ಕೆಲ್ಲ ಕಳುಹಿಸುತ್ತದೆ ಎಂಬುದು ಸ್ಪಷ್ಟವಾಯಿತು. ಆಗ ಟೀಗರ್‌ಸ್ಟೆಟ್ ಅವರ ಹಳೆಯ ರೆನಿನ್ ಮತ್ತೆ ನೆನಪಾಯಿತು.

ಆ ಸಂದೇಶವನ್ನು 1940ರ ಸುಮಾರಿಗೆ ಎರಡು ತಂಡಗಳು ಒಂದನ್ನೊಂದು ಅರಿಯದೆಯೇ ಕಂಡುಹಿಡಿದವು. ಅರ್ಜೆಂಟೀನಾದ ಬ್ಯೂನೋಸ್ ಐರಿಸ್‌ನಲ್ಲಿ ಎಡ್ವರ್ಡೊ ಬ್ರೌನ್ ಮೆನೆಂಡೆಸ್ ಅವರ ತಂಡವು ಅದಕ್ಕೆ 'ಹೈಪರ್‌ಟೆನ್ಸಿನ್' ಎಂದು ಹೆಸರಿಟ್ಟರೆ, ಅಮೆರಿಕದಲ್ಲಿ ಇರ್ವಿನ್ ಪೇಜ್ ಅವರ ತಂಡವು 'ಆಂಜಿಯೋಟೋನಿನ್' ಎಂದಿತು. ಒಂದೇ ವಸ್ತುವಿಗೆ ಎರಡು ಹೆಸರು ವರ್ಷಗಟ್ಟಲೆ ನಡೆಯಿತು. ಕೊನೆಗೆ 1958ರಲ್ಲಿ ಇಬ್ಬರೂ ತಂತಮ್ಮ ಹೆಸರಿನ ಅರ್ಧವನ್ನು ಬಿಟ್ಟುಕೊಟ್ಟು 'ಆಂಜಿಯೋಟೆನ್ಸಿನ್' ಎಂಬ ಹೆಸರಿಗೆ ಒಪ್ಪಿದರು. ಎರಡು ಅಡಿ ಬೇಲಿಗಾಗಿ ಅಣ್ಣತಮ್ಮಂದಿರು ನ್ಯಾಯಾಲಯಕ್ಕೆ ಹೋಗುವ ಈ ಲೋಕದಲ್ಲಿ ಇದು ಸಣ್ಣ ವಿಷಯವಲ್ಲ.

ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ಸರಳವಾಗಿ ಹೀಗೆ ಹೇಳಬಹುದು. ರಕ್ತದೊತ್ತಡ ಕುಸಿದಾಗ ಮೂತ್ರಪಿಂಡವು ರೆನಿನ್ ಅನ್ನು ಬಿಡುಗಡೆ ಮಾಡುತ್ತದೆ. ಪಿತ್ತಜನಕಾಂಗದಲ್ಲಿ ತಯಾರಾಗಿ ರಕ್ತದಲ್ಲಿ ತೇಲುತ್ತಿರುವ ಒಂದು ಪ್ರೋಟೀನನ್ನು ರೆನಿನ್ ಕತ್ತರಿಸಿದಾಗ ಆಂಜಿಯೋಟೆನ್ಸಿನ್-1 ಉಂಟಾಗುತ್ತದೆ. ಇದಕ್ಕೆ ಹೇಳಿಕೊಳ್ಳುವಂಥ ಶಕ್ತಿಯಿಲ್ಲ. ಶ್ವಾಸಕೋಶದ ರಕ್ತನಾಳಗಳ ಒಳಗೋಡೆಯಲ್ಲಿ ಹೇರಳವಾಗಿರುವ ಇನ್ನೊಂದು ಕಿಣ್ವವು ಅದರ ತುದಿಯನ್ನು ಕತ್ತರಿಸಿ ಆಂಜಿಯೋಟೆನ್ಸಿನ್-2 ಆಗಿ ಪರಿವರ್ತಿಸುತ್ತದೆ. ಈ ಪರಿವರ್ತಕ ಕಿಣ್ವವನ್ನು 1956ರಲ್ಲಿ ಲಿಯೊನಾರ್ಡ್ ಸ್ಕೆಗ್ಸ್ ಮತ್ತು ಸಂಗಡಿಗರು ಗುರುತಿಸಿದರು. ವೈದ್ಯರು ಇದನ್ನು ಚುಟುಕಾಗಿ 'ಎ.ಸಿ.ಇ.' ಎನ್ನುತ್ತಾರೆ. ಆಂಜಿಯೋಟೆನ್ಸಿನ್-2 ಬಲಶಾಲಿ ಹಾರ್ಮೋನು. ಅದು ರಕ್ತನಾಳಗಳನ್ನು ಬಿಗಿಯುತ್ತದೆ. ಉಪ್ಪನ್ನೂ ನೀರನ್ನೂ ದೇಹದಲ್ಲಿ ಹಿಡಿದಿಡುವಂತೆ ಮಾಡುತ್ತದೆ. ರಕ್ತಸ್ರಾವವಾದಾಗ, ಬೇಧಿಯಿಂದ ದೇಹ ಬತ್ತಿದಾಗ ನಮ್ಮನ್ನು ಉಳಿಸುವುದು ಇದೇ. ಆದರೆ ಕಾರಣವಿಲ್ಲದೆ ದಿನವೂ ಬಿಗಿಯುತ್ತಲೇ ಇದ್ದರೆ ಹೃದಯ, ಮೆದುಳು, ಮೂತ್ರಪಿಂಡಗಳೆಲ್ಲ ಅದರ ಭಾರಕ್ಕೆ ಸೋಲುತ್ತವೆ.

ವಿಷದೊಳಗಿನ ಮದ್ದು

ಈ ಬಿಗಿತವನ್ನು ಸಡಿಲಿಸುವ ದಾರಿ ದೊರೆತದ್ದು ಯಾರೂ ನಿರೀಕ್ಷಿಸದ ಸ್ಥಳದಲ್ಲಿ: ಬ್ರೆಜಿಲ್ ದೇಶದ 'ಜರಾರಾಕ' ಎಂಬ ಹಾವಿನ ವಿಷದಲ್ಲಿ. ಇದು ನಮ್ಮ ಕೊಳಕುಮಂಡಲದ ದೂರದ ಬಂಧು. ಈ ಹಾವಿನ ವಿಷವು ರಕ್ತಕ್ಕೆ ಸೇರಿದಾಗ ರಕ್ತದೊತ್ತಡವನ್ನು ಇಳಿಸುವ 'ಬ್ರಾಡಿಕೈನಿನ್' ಎಂಬ ವಸ್ತು ಉತ್ಪತ್ತಿಯಾಗುತ್ತದೆಂದು 1940ರ ದಶಕದ ಕೊನೆಯಲ್ಲಿ ಮೌರಿಸಿಯೊ ರೋಷ ಇ ಸಿಲ್ವ ಮತ್ತು ಸಂಗಡಿಗರು ಕಂಡುಕೊಂಡಿದ್ದರು. ಅದೇ ವಿಷದಲ್ಲಿ ಬ್ರಾಡಿಕೈನಿನ್‌ನ ಶಕ್ತಿಯನ್ನು ಹೆಚ್ಚಿಸುವ ಅಂಶವೂ ಇದೆಯೆಂದು ಅವರ ಶಿಷ್ಯ ಸೆರ್ಜಿಯೊ ಫೆರೇರ 1965ರಲ್ಲಿ ತೋರಿಸಿದರು. ಆ ಅಂಶವನ್ನು ಫೆರೇರ ಲಂಡನ್ನಿನಲ್ಲಿದ್ದ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಕೊಂಡೊಯ್ದರು. ಅಲ್ಲಿ ಅದು ಎ.ಸಿ.ಇ. ಕಿಣ್ವವನ್ನೇ ತಡೆಯುತ್ತದೆಂದು ತಿಳಿಯಿತು.

ಆದರೆ ವಿಷದ ಆ ಅಂಶವನ್ನು ಚುಚ್ಚುಮದ್ದಾಗಿ ಮಾತ್ರ ಕೊಡಬಹುದಿತ್ತು. ನುಂಗುವ ಮಾತ್ರೆಯೊಂದು ಬೇಕೆಂದು ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್ಮನ್ ಮತ್ತು ಮಿಗೆಲ್ ಒಂಡೆಟ್ಟಿ ವರ್ಷಗಟ್ಟಲೆ ಶ್ರಮಿಸಿ 1975ರಲ್ಲಿ 'ಕ್ಯಾಪ್ಟೊಪ್ರಿಲ್' ತಯಾರಿಸಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಎನಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಎಂಬ ಮಾತ್ರೆಗಳು ಅದರ ತಂಗಿಯರು. ಇವು ಕೆಲವರಲ್ಲಿ ಒಣಕೆಮ್ಮು ತರುತ್ತವೆ. ಮುಂದೆ ಬಂದ ಲೊಸಾರ್ಟನ್, ಟೆಲ್ಮಿಸಾರ್ಟನ್ ಮೊದಲಾದವು ಬೇರೆ ಬಗೆಯವು. ಅವು ಕಿಣ್ವವನ್ನು ತಡೆಯದೆ, ಆಂಜಿಯೋಟೆನ್ಸಿನ್-2 ಬಂದು ಕೂರುವ ಜಾಗವನ್ನೇ ಮುಚ್ಚುತ್ತವೆ. ನಿಮ್ಮ ಮನೆಯ ಮಾತ್ರೆಪೊಟ್ಟಣವನ್ನೊಮ್ಮೆ ತಿರುಗಿಸಿ ನೋಡಿ. ಈ ಎರಡು ಬಳಗಗಳ ಹೆಸರುಗಳಲ್ಲಿ ಒಂದು ಅಲ್ಲಿರುವ ಸಂಭವ ಹೆಚ್ಚು.

ಸಂಖ್ಯಾಕಾಂಡದ 21ನೇ ಅಧ್ಯಾಯದಲ್ಲಿ ಹಾವು ಕಚ್ಚಿದ ಜನರು ಮೋಶೆ ಎತ್ತಿ ನಿಲ್ಲಿಸಿದ ಕಂಚಿನ ಸರ್ಪವನ್ನು ನೋಡಿ ಬದುಕಿಕೊಂಡ ಪ್ರಸಂಗ ನಮಗೆಲ್ಲರಿಗೂ ಗೊತ್ತು. ಕೊಲ್ಲುವ ವಸ್ತುವಿನಿಂದಲೇ ಜೀವ ಉಳಿಸುವ ಮದ್ದನ್ನು ಹೊರತೆಗೆಯುವ ಬುದ್ಧಿಯನ್ನು ದೇವರು ಮನುಷ್ಯನಿಗೆ ದಯಪಾಲಿಸಿದ್ದಾರೆ ಎಂದು ಈ ಮಾತ್ರೆಯನ್ನು ನೋಡುವಾಗಲೆಲ್ಲ ನನಗನ್ನಿಸುತ್ತದೆ.

ಬಾಗಿಲಾದ ಕಾವಲುಗಾರ

ಈಗ ಕಥೆ ಕೊರೋನಾದತ್ತ ತಿರುಗುತ್ತದೆ. ಎ.ಸಿ.ಇ. ಕಿಣ್ವಕ್ಕೆ ಒಬ್ಬ ಸೋದರನಿದ್ದಾನೆಂದು 2000ದಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು. ಅದರ ಹೆಸರು ಎ.ಸಿ.ಇ.-2. ಇದು ಅಣ್ಣನ ಕೆಲಸಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ: ಬಿಗಿಯುವ ಆಂಜಿಯೋಟೆನ್ಸಿನ್-2ನ್ನು ಮತ್ತೆ ಕತ್ತರಿಸಿ, ರಕ್ತನಾಳಗಳನ್ನು ಸಡಿಲಿಸುವ ವಸ್ತುವಾಗಿ ಮಾರ್ಪಡಿಸುತ್ತದೆ. ಮನೆಯೊಳಗೆ ಒಬ್ಬನು ಹಗ್ಗ ಬಿಗಿದರೆ ಇನ್ನೊಬ್ಬನು ಸಡಿಲಿಸುತ್ತಾನೆ. ಹೃದಯ, ಮೂತ್ರಪಿಂಡ, ಕರುಳು, ಶ್ವಾಸಕೋಶಗಳ ಜೀವಕೋಶಗಳ ಮೇಲೆ ಈ ಕಾವಲುಗಾರ ನಿಂತಿರುತ್ತಾನೆ.

2002ರ ಕೊನೆಯಲ್ಲಿ ಚೀನಾದಲ್ಲಿ ಆರಂಭವಾದ ಸಾರ್ಸ್ ರೋಗವು 8 ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿ ಸುಮಾರು 770 ಮಂದಿಯ ಪ್ರಾಣ ತೆಗೆಯಿತು. ಆ ಕೊರೋನಾ ವೈರಾಣುವು ಜೀವಕೋಶದೊಳಗೆ ನುಗ್ಗಲು ಎ.ಸಿ.ಇ.-2ನ್ನೇ ಬಾಗಿಲಾಗಿ ಬಳಸುತ್ತದೆಂದು ಅಮೆರಿಕದ ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ವೈರಾಣು ಒಳಹೊಕ್ಕಾಗ ಆ ಕಿಣ್ವವೂ ಜೀವಕೋಶದ ಮೇಲ್ಮೈಯಿಂದ ಕಡಿಮೆಯಾಗುತ್ತದೆ. ಆಗ ಬಿಗಿಯುವವನನ್ನು ಕೇಳುವವರಿಲ್ಲದಂತಾಗಿ ಶ್ವಾಸಕೋಶಕ್ಕೆ ಹಾನಿ ಹೆಚ್ಚುತ್ತದೆಂದು 2005ರಲ್ಲಿ ವಿಯೆನ್ನಾದ ಯೋಸೆಫ್ ಪೆನ್ನಿಂಗರ್ ಅವರ ತಂಡ ಇಲಿಗಳಲ್ಲಿ ಕಂಡುಕೊಂಡಿತು. ಲೊಸಾರ್ಟನ್ ಕೊಟ್ಟಾಗ ಆ ಹಾನಿ ತಗ್ಗಿತೆಂಬುದನ್ನೂ ಗಮನಿಸಿತು. ಅದೇ ವರ್ಷ ಅಮೆರಿಕದ ಇನ್ನೊಂದು ತಂಡವು, ಈ ಬಿ.ಪಿ. ಮಾತ್ರೆಗಳು ಇಲಿಯ ಹೃದಯದಲ್ಲಿ ಎ.ಸಿ.ಇ.-2ನ್ನು ಹೆಚ್ಚಿಸುತ್ತವೆಂದು ವರದಿ ಮಾಡಿತು. ಸಾರ್ಸ್ ಮರೆಯಾಯಿತು, ಈ ಸಂಶೋಧನೆಗಳು ಗ್ರಂಥಾಲಯದ ಕಪಾಟು ಸೇರಿದವು.

ಎರಡು ತರ್ಕಗಳು

2020ರ ಆರಂಭದಲ್ಲಿ, ಹೊಸ ಕೊರೋನಾ ವೈರಾಣುವೂ ಅದೇ ಬಾಗಿಲಿನಿಂದ ಒಳಬರುತ್ತದೆಂದು ತಿಳಿದಾಗ ಕಪಾಟಿನ ಕಾಗದಗಳು ಮತ್ತೆ ಹೊರಬಂದವು. ಚೀನಾದಿಂದ ಬಂದ ಮೊದಲ ವರದಿಗಳಲ್ಲಿ, ತೀವ್ರವಾಗಿ ಬಳಲಿದವರಲ್ಲಿ ರಕ್ತದೊತ್ತಡದ ರೋಗಿಗಳು ಹೆಚ್ಚಾಗಿದ್ದರು. ಮಾರ್ಚ್ 11ರಂದು, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾವನ್ನು ಜಾಗತಿಕ ಮಹಾಮಾರಿ ಎಂದು ಕರೆದ ದಿನವೇ, ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪುಟ್ಟ ಪತ್ರ ಪ್ರಕಟವಾಯಿತು. ಮಾತ್ರೆಯಿಂದ ಎ.ಸಿ.ಇ.-2 ಹೆಚ್ಚಿದರೆ ವೈರಾಣುವಿಗೆ ಬಾಗಿಲುಗಳು ಹೆಚ್ಚಿದಂತಾಗಿ ರೋಗ ಉಲ್ಬಣಿಸಬಹುದೇ ಎಂಬುದು ಅದರ ತಿರುಳು. ಬರೆದವರು ಅದನ್ನು ಊಹೆಯೆಂದೇ ಬರೆದಿದ್ದರು. ಆದರೆ ಊಹೆಯು ಮೊಬೈಲಿನಿಂದ ಮೊಬೈಲಿಗೆ ಹಾರುವಾಗ ಅದರ 'ಬಹುದೇ' ಎಂಬ ಬಾಲ ಉದುರಿಹೋಯಿತು. ನಮ್ಮ ಧರ್ಮಕೇಂದ್ರದ ತಾಯಿಯನ್ನು ತಲುಪುವ ಹೊತ್ತಿಗೆ ಅದು ತೀರ್ಪಾಗಿತ್ತು.

ಇದಕ್ಕೆ ಪೂರ್ತಿ ವಿರುದ್ಧವಾದ ತರ್ಕವೂ ಅಷ್ಟೇ ಗಟ್ಟಿಯಾಗಿತ್ತೆಂಬುದನ್ನು ಗಮನಿಸಿ. ವೈರಾಣುವಿನಿಂದ ಎ.ಸಿ.ಇ.-2 ಕಡಿಮೆಯಾಗಿ, ಆಂಜಿಯೋಟೆನ್ಸಿನ್-2 ಮಿತಿಮೀರಿ ಶ್ವಾಸಕೋಶ ಹಾಳಾಗುವುದಾದರೆ, ಅದನ್ನು ತಡೆಯುವ ಈ ಮಾತ್ರೆಗಳೇ ರೋಗಿಯನ್ನು ಕಾಪಾಡಬೇಕಲ್ಲವೇ? ಒಂದೇ ಪ್ರಯೋಗಾಲಯದ ಜ್ಞಾನದಿಂದ ಒಬ್ಬರು "ಮಾತ್ರೆ ಕೊಲ್ಲುತ್ತದೆ" ಎಂಬಲ್ಲಿಗೂ, ಇನ್ನೊಬ್ಬರು "ಮಾತ್ರೆ ಉಳಿಸುತ್ತದೆ" ಎಂಬಲ್ಲಿಗೂ ತಲುಪಬಹುದಿತ್ತು. ಎರಡೂ ಕೇಳಲು ನಿಜದಂತಿದ್ದವು. ಕೇಳಲು ನಿಜದಂತಿರುವುದು ನಿಜವಾಗಿರಲೇಬೇಕೆಂದಿಲ್ಲ.

ಯುರೋಪಿನ ಹೃದ್ರೋಗ ತಜ್ಞರ ಸಂಘವು ಮಾರ್ಚ್ 13ರಂದೂ, ಅಮೆರಿಕದ ಸಂಘಗಳು ಮಾರ್ಚ್ 17ರಂದೂ ಒಂದೇ ಮಾತು ಹೇಳಿದವು: ಸಾಕ್ಷ್ಯವಿಲ್ಲ, ಮಾತ್ರೆ ನಿಲ್ಲಿಸಬೇಡಿ. ಆ ತಾಯಿಗೆ ನಾನು ಉತ್ತರ ಹೇಳುವ ಮೊದಲೇ ಈ ಎಚ್ಚರಿಕೆ ಹೊರಬಿದ್ದಿತ್ತು. ಭಯದ ಸುದ್ದಿ ನನ್ನನ್ನು ತಲುಪಿತ್ತು, ಸಮಾಧಾನದ ಮಾತು ತಲುಪಿರಲಿಲ್ಲ. ನಾನು ಅದನ್ನು ಹುಡುಕಿರಲೂ ಇಲ್ಲ.

ಪರೀಕ್ಷೆಯ ತೀರ್ಪು

ಸತ್ಯವನ್ನು ತಿಳಿಯಲು ಒಂದೇ ದಾರಿಯಿತ್ತು: ರೋಗಿಗಳನ್ನೇ ತಾಳ್ಮೆಯಿಂದ ಗಮನಿಸುವುದು. ಯುರೋಪಿನಲ್ಲಿ ಮೊದಲು ತತ್ತರಿಸಿದ ಇಟಲಿಯ ಲೊಂಬಾರ್ಡಿ ಪ್ರಾಂತ್ಯದಲ್ಲಿ ಜುಸೆಪ್ಪೆ ಮಾಂಚಿಯ ಅವರ ತಂಡವು 6,272 ಸೋಂಕಿತರನ್ನು, ಅದೇ ವಯಸ್ಸಿನ ಅದೇ ಊರುಗಳ 30,759 ಜನರೊಡನೆ ಹೋಲಿಸಿತು. ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2020ರ ಮಾರ್ಚ್ 27ರಂದು ಮಳೆಯಲ್ಲಿ ನೆನೆದ ಖಾಲಿ ಚೌಕದಲ್ಲಿ ನಿಂತು ಪ್ರಾರ್ಥಿಸಿದರಲ್ಲ, ಅದೇ ಸಂಕಟದ ದಿನಗಳ ಇಟಲಿ ಅದು. ಸೋಂಕಿತರಲ್ಲಿ ಈ ಮಾತ್ರೆಗಳನ್ನು ಸೇವಿಸುವವರು ಹೆಚ್ಚಾಗಿದ್ದುದು ನಿಜ. ಆದರೆ ಅದಕ್ಕೆ ಕಾರಣ ಮಾತ್ರೆಯಲ್ಲ. ಅವರಲ್ಲಿ ಹೃದ್ರೋಗಿಗಳು ಹೆಚ್ಚಾಗಿದ್ದರು. ಜಾರಿ ಬಿದ್ದವರ ಪಕ್ಕದಲ್ಲಿ ಊರುಗೋಲು ಹೆಚ್ಚಾಗಿ ಕಂಡರೆ ಊರುಗೋಲೇ ಬೀಳಿಸಿತೆನ್ನಲಾದೀತೇ? ನಡಿಗೆ ದುರ್ಬಲವಾದ್ದರಿಂದಲೇ ಅವರು ಅದನ್ನು ಹಿಡಿದಿದ್ದರು. ಇತರ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರೆಗೂ ಸೋಂಕಿಗೂ ಸಂಬಂಧ ಕಾಣಲಿಲ್ಲ. ನ್ಯೂಯಾರ್ಕಿನಲ್ಲಿ 12,594 ಜನರ ದಾಖಲೆಗಳನ್ನು ಪರಿಶೀಲಿಸಿದವರೂ ಇಂಥದೇ ನಿರ್ಣಯಕ್ಕೆ ಬಂದರು.

2020ರ ಮೇ ತಿಂಗಳಲ್ಲಿ ಪ್ರಸಿದ್ಧ ಪತ್ರಿಕೆಯೊಂದು ಈ ಎರಡರೊಡನೆ ಮೂರನೆಯ ಅಧ್ಯಯನವನ್ನೂ ಪ್ರಕಟಿಸಿತ್ತು. ಅದೂ ಮಾತ್ರೆಗಳ ಪರವಾಗಿಯೇ ಇತ್ತು. ಆದರೆ ಅದರ ಮೂಲ ದಾಖಲೆಗಳನ್ನು ಪರಿಶೀಲಿಸಲು ಲೇಖಕರಿಗೇ ಸಾಧ್ಯವಾಗದ ಕಾರಣ ಜೂನ್ 4ರಂದು ಅದನ್ನು ಹಿಂದೆಗೆದುಕೊಳ್ಳಲಾಯಿತು. ತೀರ್ಮಾನ ಸರಿಯಾಗಿದ್ದರೂ ಸಾಕ್ಷಿ ಸಾಚಾ ಆಗಿರಬೇಕು. ಎಂಟನೆಯ ಕಟ್ಟಳೆಯನ್ನು ಬಲ್ಲ ನಮಗೆ ಇದು ಹೊಸ ಪಾಠವಲ್ಲ.

ಅಂತಿಮ ಉತ್ತರ ಬಂದದ್ದು, ಹಾವಿನ ವಿಷದಿಂದ ಮದ್ದಿನ ಎಳೆ ದೊರೆತ ಬ್ರೆಜಿಲ್ ದೇಶದಿಂದಲೇ. ಅಲ್ಲಿನ 29 ಆಸ್ಪತ್ರೆಗಳಲ್ಲಿ, ಈ ಮಾತ್ರೆಗಳನ್ನು ಮೊದಲಿನಿಂದ ಸೇವಿಸುತ್ತಿದ್ದ 659 ಕೊರೋನಾ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರು 30 ದಿನ ಮಾತ್ರೆ ನಿಲ್ಲಿಸಿದರು; ಇನ್ನೊಂದು ಗುಂಪಿನವರು ಮುಂದುವರಿಸಿದರು. 2021ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಜೀವಂತವಾಗಿ ಆಸ್ಪತ್ರೆಯ ಹೊರಗೆ ಕಳೆದ ದಿನಗಳು ನಿಲ್ಲಿಸಿದವರಲ್ಲಿ ಸರಾಸರಿ 21.9, ಮುಂದುವರಿಸಿದವರಲ್ಲಿ 22.9. ಮರಣ ಹೊಂದಿದವರು ಕ್ರಮವಾಗಿ ಶೇಕಡ 2.7 ಮತ್ತು 2.8. ಅಂದರೆ ಗಣನೀಯ ವ್ಯತ್ಯಾಸವಿಲ್ಲ. ಏಳು ದೇಶಗಳ 152 ರೋಗಿಗಳಲ್ಲಿ ನಡೆದ ಇನ್ನೊಂದು ಪರೀಕ್ಷೆಯೂ ಇದನ್ನೇ ಹೇಳಿತು. ಭಯಪಟ್ಟವರ ತರ್ಕ ಸೋತಿತು.

ಆಸೆಪಟ್ಟವರ ತರ್ಕವೂ ಗೆಲ್ಲಲಿಲ್ಲ. ತೀವ್ರ ನಿಗಾದಲ್ಲಿದ್ದ ಕೊರೋನಾ ರೋಗಿಗಳಿಗೆ ಚಿಕಿತ್ಸೆಯೆಂದು ಈ ಮಾತ್ರೆಗಳನ್ನು ಹೊಸದಾಗಿ ಆರಂಭಿಸಿ ನೋಡಿದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಿಂದ ಲಾಭವಾಗಲಿಲ್ಲ, ಬದಲಿಗೆ ಕೆಡುಕಾಗಿರುವ ಸಂಭವವೇ ಹೆಚ್ಚೆಂದು ತಿಳಿದುಬಂತು. ಹೀಗೆ ಈ ಮಾತ್ರೆ ಕೊರೋನಾದ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ತಾನು ಯಾವುದಕ್ಕಾಗಿ ಇದೆಯೋ ಅದನ್ನು ಮಾಡುತ್ತದೆ: ರಕ್ತದೊತ್ತಡವನ್ನು ಹತೋಟಿಯಲ್ಲಿಡುತ್ತದೆ.

ನಮಗೆ ಉಳಿಯುವ ಮಾತು

ಪ್ರಿಯ ಓದುಗರೇ, ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ವೈರಾಣುವಲ್ಲ, ನಮ್ಮ ಆತುರ. ರೆನಿನ್ ಎಂಬ ಸತ್ಯ ಲೋಕದ ಕಿವಿಗೆ ಬೀಳಲು ಮೂವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಒಂದು ಊಹೆ ನಮ್ಮ ಅಡುಗೆಮನೆಯನ್ನು ತಲುಪಲು ಎರಡು ವಾರ ಸಾಕಾಯಿತು. ಪುನೀತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ, ಕೇಳಿದ್ದನ್ನೆಲ್ಲ ಪರೀಕ್ಷೆಗೆ ಒಡ್ಡಿ ಒಳಿತನ್ನು ಮಾತ್ರ ಉಳಿಸಿಕೊಳ್ಳುವ ಬಗ್ಗೆ ಬುದ್ಧಿ ಹೇಳುತ್ತಾರೆ. ಅದು ಪ್ರವಾದನೆಗೆ ಮಾತ್ರವಲ್ಲ, ಫೋನಿಗೆ ಬರುವ ಸುದ್ದಿಗೂ ಸಲ್ಲುತ್ತದೆ. ಸಿರಾಖನ ಗ್ರಂಥದ 38ನೇ ಅಧ್ಯಾಯವು ವೈದ್ಯರನ್ನೂ ಮದ್ದನ್ನೂ ದೇವರ ಕೊಡುಗೆಯೆಂದು ಗೌರವಿಸಲು ಕಲಿಸುತ್ತದೆ. ಪ್ರಾರ್ಥನೆಗೂ ಮಾತ್ರೆಗೂ ಅಲ್ಲಿ ಜಗಳವಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಾಂತಿ ಬೇಧಿಯಾಗಿ ದೇಹ ಸೊರಗಿದಾಗ, ರಕ್ತದೊತ್ತಡ ತೀರ ಇಳಿದಾಗ ಕೆಲವು ದಿನ ನಿಲ್ಲಿಸಬೇಕಾಗಬಹುದು. ಆ ನಿರ್ಧಾರ ವೈದ್ಯರದಾಗಿರಲಿ. ದೂರದ ಊರಿನಲ್ಲಿರುವ ಮಕ್ಕಳೇ, ತಂದೆತಾಯಿಗೆ ಸುದ್ದಿ ಕಳುಹಿಸುವ ಮೊದಲು ಒಂದು ನಿಮಿಷ ತಡೆಯಿರಿ. ಸುದ್ದಿಯ ಬದಲು ಒಂದು ಕರೆ ಮಾಡಿ, ಇವತ್ತು ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿ. ನನ್ನಂಥ ಗುರುಗಳಿಗೂ ಒಂದು ಮಾತು: ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವುದು ಗುರುತ್ವಕ್ಕೆ ಕುಂದಲ್ಲ.

ದೇವಾಲಯದ ಬಾಗಿಲು ಮತ್ತೆ ತೆರೆದ ಮೇಲೆ ಆ ತಾಯಿ ಬಲಿಪೂಜೆಗೆ ಬಂದರು. ನಾನು ಕ್ಷಮೆ ಕೇಳಿದೆ. ಅವರು ನಕ್ಕು, "ಅಯ್ಯೋ ಬಿಡಿ ಫಾದರ್, ನಿಮಗೂ ಹೆದರಿಕೆ ಇತ್ತಲ್ಲ" ಎಂದರು. ಅಷ್ಟು ಸುಲಭವಾಗಿ ಅವರು ಕ್ಷಮಿಸಿದ್ದು ನನ್ನ ಮನಸ್ಸನ್ನು ಇನ್ನಷ್ಟು ತಗ್ಗಿಸಿತು. ಭಯದ ಹೊತ್ತಿನಲ್ಲಿಯೂ ಸತ್ಯವನ್ನೇ ನುಡಿಯುವ ನಾಲಿಗೆಯನ್ನು, ತಿಳಿಯದಿದ್ದಾಗ ಮೌನವಾಗಿರುವ ವಿವೇಕವನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.